ಕೆಜಿಎಫ್‌ನ ಹಳೇ ಸೈಡಿಂಗ್ ಹುಡುಕುವುದು: ತಿರುವು ಅಳೆಯುವ ಲೆಕ್ಕ

ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂಗೆ ರೈಲು ಬಂದದ್ದು 1894ರಲ್ಲಿ. ಸುಮಾರು 16 ಕಿ.ಮೀ. ಬ್ರಾಡ್‌ಗೇಜ್. ಶಿವನಸಮುದ್ರದ ಕರೆಂಟ್ ಬರುವುದಕ್ಕೆ 1902 ಆಯಿತು. ಅಲ್ಲಿವರೆಗೆ ಗಣಿ ಯಂತ್ರಗಳು ನಡೆದದ್ದು ಹಬೆಯಲ್ಲಿ, ಅಂದರೆ ಉರುವಲು ರಾಶಿರಾಶಿ ಬೇಕಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮುಖ್ಯ ಲೈನ್‌ನಲ್ಲಿ ಈಗಲೂ ರೈಲು ಓಡುತ್ತದೆ, ಅದನ್ನು ಹುಡುಕಬೇಕಾಗಿಲ್ಲ. ಜಾಡು ಹಿಡಿಯಬೇಕಾದ್ದು ಅದರಿಂದ ಪಕ್ಕಕ್ಕೆ ಕವಲೊಡೆದ ಹಳಿಗಳದ್ದು, ಅಂದರೆ ಸೈಡಿಂಗ್‌ಗಳದ್ದು.

ಹಳೇ ಟೋಪೋಶೀಟ್ (ಸರ್ವೆ ಆಫ್ ಇಂಡಿಯಾದ ನಕ್ಷೆ ಹಾಳೆ) ನೋಡುವವರಿಗೆ: ಬಂಗಾರಪೇಟೆ 57 ಎಲ್/1ರಲ್ಲಿದೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ 57 ಎಲ್/5ರಲ್ಲಿ. ಎರಡೂ ಬೇಕು.

ಈಗ ಅಸಲು ವಿಷಯ. ಉಪಗ್ರಹ ಚಿತ್ರದಲ್ಲಿ ಒಂದು ಬಾಗಿದ ಗೆರೆ ಕಾಣುತ್ತದೆ. ಹಳೇ ಹಳಿಯೋ, ಸುಮ್ನೆ ಮಣ್ಣು ರಸ್ತೆಯೋ? ತಿರುವಿನ ತ್ರಿಜ್ಯ ಅಳೆದರೆ ಅರ್ಧ ಉತ್ತರ ಸಿಗುತ್ತದೆ. ನಮ್ಮ ರೈಲ್ವೆಯಲ್ಲಿ ಬ್ರಾಡ್‌ಗೇಜ್ ತಿರುವು 10 ಡಿಗ್ರಿ ಮೀರುವಂತಿಲ್ಲ. ಡಿಗ್ರಿ ಹೆಚ್ಚಾದಷ್ಟೂ ತಿರುವು ಬಿಗಿ. 1750 ಅನ್ನು ಡಿಗ್ರಿಯಿಂದ ಭಾಗಿಸಿದರೆ ಮೀಟರ್‌ನಲ್ಲಿ ತ್ರಿಜ್ಯ. ಹಾಗಾಗಿ ಕನಿಷ್ಠ 175 ಮೀಟರ್. ಮೀಟರ್‌ಗೇಜ್‌ಗೆ 16 ಡಿಗ್ರಿ, ಸುಮಾರು 109 ಮೀಟರ್. ನ್ಯಾರೋಗೇಜ್‌ಗೆ 40 ಡಿಗ್ರಿ, ಸುಮಾರು 44 ಮೀಟರ್.

ಅಳೆಯುವುದು ಹೇಗೆ? ವೃತ್ತದ ಕೇಂದ್ರ ಹುಡುಕಲು ಹೋಗಬೇಡಿ. ತಿರುವಿನ ಮೇಲೆ ಎರಡು ಬಿಂದು ಇಟ್ಟು ನೇರ ಗೆರೆ ಎಳೆಯಿರಿ. ಅದು ಬಿಲ್ಲಿನ ಹೆದೆ ಇದ್ದ ಹಾಗೆ. ಅದರ ಉದ್ದ C. ಹೆದೆಯ ನಟ್ಟನಡುವಿನಿಂದ ತಿರುವಿನವರೆಗಿನ ದೂರ V. ಇದಕ್ಕೆ ರೈಲ್ವೆಯವರು ವರ್ಸೈನ್ ಅಂತಾರೆ. ತ್ರಿಜ್ಯ = C × C ÷ 8V.

ಈ 8 ಎಲ್ಲಿಂದ ಬಂತು ಅನ್ನುವುದೇ ತಲೆ ತಿನ್ನುವ ಭಾಗ, ನಿಧಾನವಾಗಿ ನೋಡೋಣ. ವೃತ್ತದಲ್ಲಿ ಎರಡು ಜ್ಯಾಗಳು (ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆಗಳು) ಒಂದನ್ನೊಂದು ಕತ್ತರಿಸಿದರೆ, ಒಂದರ ಎರಡು ತುಂಡುಗಳ ಗುಣಲಬ್ಧ ಇನ್ನೊಂದರ ತುಂಡುಗಳ ಗುಣಲಬ್ಧಕ್ಕೆ ಸಮ. ಹೈಸ್ಕೂಲಿನದೇ. ಇಲ್ಲಿ ಒಂದು ಜ್ಯಾ ನಮ್ಮ ಹೆದೆ, ಅದರ ತುಂಡುಗಳು C/2 ಮತ್ತು C/2. ಇನ್ನೊಂದು, ನಡುವಿನಲ್ಲಿ ಹಾದುಹೋಗುವ ವ್ಯಾಸ. ಅದರ ತುಂಡುಗಳು V ಮತ್ತು 2R − V (R ಅಂದರೆ ತ್ರಿಜ್ಯ). ಆದ್ದರಿಂದ C²/4 = V(2R − V). V ಚಿಕ್ಕದು, 2R ದೊಡ್ಡದು, ಕಳೆಯುವ V ಬಿಟ್ಟುಬಿಡಿ. ಉಳಿದದ್ದು C²/4 = 2RV. ನಾಲ್ಕು ಎರಡಲಿ ಎಂಟು, ಅಷ್ಟೇ! ಬಿಟ್ಟದ್ದರಿಂದ ಬರುವ ವ್ಯತ್ಯಾಸ V/2 ಮಾತ್ರ.

ಹೆದೆ 200 ಮೀಟರ್, V 20 ಬಂದರೆ ತ್ರಿಜ್ಯ 250. ಅಂದರೆ 7 ಡಿಗ್ರಿ, ಬ್ರಾಡ್‌ಗೇಜ್ ಸಾಧ್ಯ. ಹೆದೆ 100, V 20 ಆದರೆ ಬರೀ 62.5. ಬ್ರಾಡ್‌ಗೇಜ್ ಅಲ್ಲವೇ ಅಲ್ಲ. ಆದರೆ ರಸ್ತೆ ಅಂತ ಷರಾ ಬರೆದುಬಿಡಬೇಡಿ, ಚಿಕ್ಕ ಗೇಜಿನ ಟ್ರಾಲಿ ಹಳಿ ಇದಕ್ಕಿಂತ ಬಿಗಿಯಾಗಿಯೂ ತಿರುಗುತ್ತದೆ. ಇನ್ನು ರಸ್ತೆಯೂ ಅಗಲವಾಗಿ ತಿರುಗಬಹುದು ಅಲ್ವಾ? ಈ ಲೆಕ್ಕ ಕೆಲವನ್ನು ತಳ್ಳಿಹಾಕುತ್ತದೆ, ಯಾವುದನ್ನೂ ಸಾಬೀತು ಮಾಡುವುದಿಲ್ಲ. C ತೀರಾ ಚಿಕ್ಕದಿದ್ದರೆ V ಅಳೆಯುವಾಗ ಒಂದೆರಡು ಮೀಟರ್ ತಪ್ಪಿದರೂ ಉತ್ತರ ಕೆಡುತ್ತದೆ. ಆದಷ್ಟು ಉದ್ದ ಹೆದೆ ಹಿಡಿಯಿರಿ, ಆದರೆ ಅದರ ಎರಡೂ ತುದಿ ತಿರುವಿನೊಳಗೇ ಇರಲಿ.

ವ್ಯಾಗನ್ ನಿಲ್ಲಿಸುವ ಯಾರ್ಡ್‌ನ ಗುರುತು ಸಪಾಟು ನೆಲ. ನಿಲ್ಲಿಸಿದ ವ್ಯಾಗನ್ ಉರುಳಬಾರದಲ್ಲ, ಅದಕ್ಕೇ ಬ್ರಾಡ್‌ಗೇಜ್ ಯಾರ್ಡ್‌ನಲ್ಲಿ 400 ಮೀಟರಿಗೆ ಒಂದು ಮೀಟರ್‌ಗಿಂತ ಜಾಸ್ತಿ ಇಳಿಜಾರು ಇಡುವುದಿಲ್ಲ. ಏರುತಗ್ಗಿನ ಜಾಗದಲ್ಲಿ ಒಂದು ಕಡೆ ಕಡಿದು ಇನ್ನೊಂದು ಕಡೆ ಮಣ್ಣು ತುಂಬಿರುತ್ತಾರೆ.

ಸೈನೈಡ್ ಗುಡ್ಡಗಳ (ಚಿನ್ನ ತೆಗೆದ ಮೇಲೆ ಉಳಿದ ಅದಿರು ಪುಡಿಯ ರಾಶಿ) ಹತ್ತಿರ ಹೋಗುವವರು ಗಾಳಿಯ ದಿನ ಬಿಟ್ಟು ಹೋಗಿ, ದೂಳು ಒಳ್ಳೆಯದಲ್ಲ. ಪಾಳು ಶಾಫ್ಟ್‌ಗಳ (ಗಣಿಗೆ ಇಳಿಯುವ ಬಾವಿಗಳು) ಬಳಿ ಹೋಗಲೇಬೇಡಿ.

ಬೇಲಿ ಕಂಬವಾಗಿ ನೆಟ್ಟ ಹಳಿ ತುಂಡು ಸಿಕ್ಕರೆ ಅದರ ಬದಿ ಉಜ್ಜಿ ನೋಡಿ, ಕಂಪನಿ ಹೆಸರು, ಇಸವಿ ಉಬ್ಬಿಕೊಂಡಿರಬಹುದು. ಅದು ಹಳಿ ತಯಾರಾದ ಇಸವಿ, ಹಾಸಿದ್ದಲ್ಲ. ಮುಖ್ಯ ಲೈನ್‌ನಲ್ಲಿ ಸವೆದ ಹಳಿಯನ್ನು ಎಷ್ಟೋ ಸಲ ಆಮೇಲೆ ಸೈಡಿಂಗ್‌ಗೆ ಹಾಕುತ್ತಾರೆ. ಹಾಗಾಗಿ ಸೈಡಿಂಗ್ ತನ್ನ ಹಳಿಗಿಂತ ಹೊಸದಿರಬಹುದು.