ಮೊಡಿಗ್ಲಿಯಾನಿ: ಕುಡುಕ ಅನ್ನೋ ಹೆಸರಿನ ಹಿಂದೆ ಇದ್ದ ಟಿಬಿ

ಉದ್ದ ಕತ್ತು, ಗುಡ್ಡೆ ಇಲ್ದಿರೋ ಕಣ್ಣು, ಆಮೇಲೆ ಕುಡಿತ. ಇಟಲಿಯ ಚಿತ್ರಕಾರ ಅಮೆಡಿಯೊ ಮೊಡಿಗ್ಲಿಯಾನಿ ಅಂದ ತಕ್ಷಣ ನೆನಪಾಗೋದು ಇಷ್ಟೇ. ಚಿತ್ರಕಲೆ ಗಂಧಗಾಳಿ ಇಲ್ದೋರಿಗೂ ಮೂರನೇದು ಮಾತ್ರ ಗೊತ್ತಿರುತ್ತೆ, ಪ್ಯಾರಿಸ್ಸಲ್ಲಿ ಕುಡಿದೂ ಕುಡಿದೂ ಹಶೀಶ್ ಸೇದಿ 35ಕ್ಕೇ ಹೋಗ್ಬಿಟ್ಟ ಅಂತ. ಆದ್ರೆ ಅವನ ಪ್ರಾಣ ತೆಗೆದಿದ್ದು ಟಿಬಿ, ಅದೂ ಅವನು ಪ್ಯಾರಿಸ್ ಮುಖ ನೋಡೋಕೆ ಎಷ್ಟೋ ವರ್ಷ ಮುಂಚೆ, ಇನ್ನೂ ಮೀಸೆ ಚಿಗುರೋ ವಯಸ್ಸಲ್ಲಿ ಹಿಡ್ಕೊಂಡಿದ್ದು.

ಹುಟ್ಟಿದ್ದು 1884ರಲ್ಲಿ, ಇಟಲಿಯ ಲಿವೊರ್ನೊ ಅನ್ನೋ ಬಂದರು ಊರಲ್ಲಿ, ಬಿಸಿನೆಸ್ ಮುಳುಗಿ ದಿವಾಳಿಯಾಗಿದ್ದ ಯಹೂದಿ ಮನೆಯಲ್ಲಿ. 1895ರಲ್ಲಿ ಪ್ಲೂರಿಸಿ ಬಂತು, ಅಂದ್ರೆ ಶ್ವಾಸಕೋಶದ ಹೊದಿಕೆಗೆ ಊತ, ಉಸಿರು ಎಳೆದ್ರೆ ಪಕ್ಕೆಯಲ್ಲಿ ಚುಚ್ಚುತ್ತೆ. ಅಮ್ಮ ಯೂಜೇನಿಯಾ ಎಷ್ಟು ಹೆದರಿದ್ಲು ಅಂತ ಅವಳ ಡೈರಿಯಲ್ಲೇ ಇದೆ, ಮುಂದೆ ಈ ಹುಡ್ಗ ಕಲಾವಿದ ಆಗ್ತಾನೇನೋ ಅನ್ನೋ ಅನುಮಾನಾನೂ ಅಲ್ಲೇ ಬರ್ಕೊಂಡಿದ್ಲು. 1898ರಲ್ಲಿ ಟೈಫಾಯ್ಡ್. ಜ್ವರ ನೆತ್ತಿಗೇರಿ ಕನವರಿಸ್ತಾ ಫ್ಲಾರೆನ್ಸಿನ ದೊಡ್ಡ ದೊಡ್ಡ ಚಿತ್ರಗಳನ್ನ ನೋಡ್ಬೇಕು ಅಂತ ಬಡಬಡಿಸಿದ್ನಂತೆ, ಅಮ್ಮ ವಾಸಿಯಾದ್ಮೇಲೆ ಕರ್ಕೊಂಡ್ ಹೋಗ್ತೀನಿ ಅಂತ ಮಾತು ಕೊಟ್ಲಂತೆ. ಈ ಕಥೆಗೆ ಮನೆಯವರೇ ಸ್ವಲ್ಪ ಬಣ್ಣ ಹಚ್ಚಿರಬಹುದು, ಅದು ಬಿಡಿ, ಊರಲ್ಲೇ ಇದ್ದ ಗುಲಿಯೆಲ್ಮೊ ಮಿಕೆಲಿ ಅನ್ನೋ ಮೇಷ್ಟ್ರ ಹತ್ರ ಅವನನ್ನ ಚಿತ್ರ ಕಲಿಯೋಕೆ ಸೇರಿಸಿದ್ದಂತೂ ನಿಜ.

ಹದಿನಾರಕ್ಕೆ ಮತ್ತೆ ಶ್ವಾಸಕೋಶ ಕೈಕೊಡ್ತು, ಈ ಸಲ ಟಿಬಿ ಅಂತಾನೇ ಆಯ್ತು. ರಾಬರ್ಟ್ ಕೋಖ್ ಟಿಬಿ ಬ್ಯಾಕ್ಟೀರಿಯಾನ 1882ರಲ್ಲೇ ಕಂಡುಹಿಡಿದಿದ್ದ, ಆದ್ರೆ ಔಷಧಿ ಅಂತ ಏನೂ ಇರ್ಲಿಲ್ಲ, ಡಾಕ್ಟರು ಹೇಳ್ತಿದ್ದಿದ್ದು ಒಳ್ಳೆ ಗಾಳಿ, ಬಿಸಿಲು, ಊಟ, ರೆಸ್ಟು. ಸರಿ ಅಂತ ಅಮ್ಮ ನೇಪಲ್ಸ್, ಕಾಪ್ರಿ, ರೋಮ್ ಎಲ್ಲಾ ಸುತ್ತಿಸಿದ್ಲು. ಹವಾ ಬದಲಾವಣೆಗೆ ಅಂತ ಹೋದ ಹುಡ್ಗ ದಾರಿಯುದ್ದಕ್ಕೂ ಚರ್ಚು, ಮ್ಯೂಸಿಯಮ್ಮು, ಹಳೇ ಶಿಲ್ಪ ನೋಡ್ಕೊಂಡು, ಗೆಳೆಯ ಆಸ್ಕರ್ ಗಿಲಿಯಾಗೆ ಉದ್ದುದ್ದ ಕಾಗದ ಬರ್ಕೊಂಡು ವಾಪಸ್ ಬಂದ. ಕಾಯಿಲೆ ಬೀಳ್ದೇ ಇದ್ದಿದ್ರೆ ಆ ವಯಸ್ಸಲ್ಲಿ ಇಷ್ಟೆಲ್ಲಾ ನೋಡೋ ಅವಕಾಶ ಸಿಗ್ತಿತ್ತಾ ಅನ್ನೋದೂ ಡೌಟೇ.

ಫ್ಲಾರೆನ್ಸ್, ವೆನಿಸ್ ಆಯ್ತು, 1906ರಲ್ಲಿ ಪ್ಯಾರಿಸ್. ಅಲ್ಲಿ ಮೊದಮೊದ್ಲು ಕೈ ಹಿಡಿದವನು ಪೌಲ್ ಅಲೆಕ್ಸಾಂಡ್ರ್, ವೃತ್ತಿಯಲ್ಲಿ ಡಾಕ್ಟರು, ಇವನ ನೂರಾರು ಡ್ರಾಯಿಂಗ್ ಕೊಂಡು ಜೋಪಾನ ಮಾಡಿಟ್ಟವನು. 1909ರಲ್ಲಿ ಶಿಲ್ಪಿ ಬ್ರಾಂಕೂಸಿ ಪರಿಚಯ ಆಯ್ತು, ಅಲ್ಲಿಂದ ಮುಂದೆ ಕೆಲವು ವರ್ಷ ಕಲ್ಲೇ ಎಲ್ಲಾ. ಇವನಿಗೆ ಒಳಗಿಂದ ಶಿಲ್ಪಿ ಆಗೋದೇ ಬೇಕಿತ್ತು. ಸುಣ್ಣದಕಲ್ಲಲ್ಲಿ ಉದ್ದ ಮುಖ, ಕಡ್ಡಿ ಥರ ಮೂಗು, ಪುಟ್ಟ ಬಾಯಿ ಇರೋ ತಲೆಗಳು, 1912ರ ಸಲೋನ್ ದೋಟೊಮ್ನ್ ಪ್ರದರ್ಶನದಲ್ಲೂ ಇಟ್ಟಿದ್ದ. ಆದ್ರೆ ಟಿಬಿ ಇರೋ ಎದೆಗೆ ಉಳಿ ಸುತ್ತಿಗೆ ಹಿಡ್ಕೊಂಡು ಕಲ್ಲಿನ ಧೂಳು ಕುಡಿಯೋದು ಅಂದ್ರೆ ಏನು ಅಂತ ಯೋಚ್ನೆ ಮಾಡಿ. ಕಲ್ಲಿಗೆ ದುಡ್ಡೂ ಇಲ್ಲ, 1914ಕ್ಕೆ ಮೊದಲ ಮಹಾಯುದ್ಧಾನೂ ಬಂತು, ಒಟ್ನಲ್ಲಿ ಆ ವರ್ಷದ ಹೊತ್ತಿಗೆ ಶಿಲ್ಪ ನಿಂತೋಯ್ತು. ಉಳಿದಿರೋವು ಸುಮಾರು 25.

ಉದ್ದ ಕತ್ತು ಕಾಯಿಲೆಯಿಂದ ಬಂತು, ಕಣ್ಣಿನ ದೋಷದಿಂದ ಬಂತು ಅಂತೆಲ್ಲಾ ಹೇಳೋರಿದ್ದಾರೆ, ನನಗಂತೂ ಅದು ಒಪ್ಪಿಗೆ ಇಲ್ಲ. ಆ ಕತ್ತು ಮೊದ್ಲು ಬಂದಿದ್ದು ಕಲ್ಲಲ್ಲಿ ಮತ್ತೆ ಕಲ್ಲಿಗೋಸ್ಕರ ಬರೆದ ಡ್ರಾಯಿಂಗಲ್ಲಿ, ಅದರ ಹಿಂದೆ ಆಫ್ರಿಕಾದ ಮುಖವಾಡ, ಹಳೇ ಗ್ರೀಕ್ ದ್ವೀಪಗಳ ಶಿಲ್ಪ, ಇಟಲಿಯ ಸಿಯೆನಾ ಊರಿನ ಹಳೇ ಚಿತ್ರಗಳು ಇವೆ. ಕಾಯಿಲೆ ಮಾಡಿದ್ದು ಬೇರೆ, ಕೈಯಿಂದ ಉಳಿ ಕಿತ್ಕೊಳ್ತು, ಆಗ ಆ ಕಲ್ಲಿನ ತಲೆಗಳೆಲ್ಲಾ ಕ್ಯಾನ್ವಾಸಿಗೆ ಹೋದ್ವು. 1915ರಿಂದ ಈಚಿನ ಚಿತ್ರದಲ್ಲಿ ಮುಖದ ಗೆರೆ ನೋಡಿದ್ರೆ ಬ್ರಶ್ಶಲ್ಲೇ ಕೆತ್ತಿದಂಗಿದೆ. ನಮಗೆ ಗೊತ್ತಿರೋ ಮೊಡಿಗ್ಲಿಯಾನಿಯ ಬಹುಪಾಲು ಚಿತ್ರ ಈ ಕೊನೇ ಐದು ವರ್ಷದ್ದೇ, ಒಂದೆರಡು ಸಿಟ್ಟಿಂಗಲ್ಲೇ ಮುಗಿಸಿಬಿಡ್ತಿದ್ದ.

ಇನ್ನು ಕುಡಿತ. ಟಿಬಿ ಅಂಟುರೋಗ ಅನ್ನೋದು ಎಲ್ಲರಿಗೂ ಗೊತ್ತಿದ್ದ ಕಾಲ ಅದು, ಕೆಮ್ಮಿದ್ರೆ ಜನ ದೂರ ಸರೀತಿದ್ರು (ನಮ್ ಕಡೆ ಈಗ್ಲೂ ಎಷ್ಟೋ ಮನೇಲಿ ಈ ಕಾಯಿಲೆ ಹೆಸರು ಮೆಲ್ಲಗೇ ಹೇಳೋದು). ಕೆಮ್ಮು ಅಡಗಿಸೋಕೆ, ಕಾಯಿಲೆ ಮುಚ್ಚಿಡೋಕೆ ಕುಡುಕನ ವೇಷ ಹಾಕಿದ್ದ ಅಂತ ಜೀವನಚರಿತ್ರೆ ಬರೆದ ಮೆರಿಲ್ ಸೀಕ್ರೆಸ್ಟ್ ವಾದ. ಕುಡುಕನ ಪಕ್ಕ ಕೂರೋಕೆ ಯಾರೂ ಹೆದರಲ್ಲ, ರೋಗಿ ಪಕ್ಕ ಕೂರೋಕೆ ಹೆದರ್ತಾರೆ, ಆ ಲೆಕ್ಕದಲ್ಲಿ ವಾದ ಕೂರುತ್ತೆ. ಆದ್ರೆ ಎಲ್ಲಾನೂ ವೇಷ ಅಂದ್ರೆ ನಂಬೋಕೆ ಕಷ್ಟ, ಅವನು ನಿಜವಾಗ್ಲೂ ಚೆನ್ನಾಗೇ ಕುಡೀತಿದ್ದ, ಕುಡಿದು ಜಗಳಾನೂ ಆಡ್ತಿದ್ದ, ಕೆಫೆ ರೊತೊಂದಲ್ಲಿ ಕೂತು ಡ್ರಾಯಿಂಗ್ ಕೊಟ್ಟು ಗ್ಲಾಸ್ ತುಂಬಿಸ್ಕೊಳ್ತಿದ್ದ.

ಯುದ್ಧಕ್ಕೆ ಸೇರ್ತೀನಿ ಅಂತ ಹೋದ್ರೆ ಆರೋಗ್ಯ ಸರಿಯಿಲ್ಲ ಅಂತ ವಾಪಸ್ ಕಳಿಸಿದ್ರು. 1918ರಲ್ಲಿ ಪ್ಯಾರಿಸ್ ಮೇಲೆ ಬಾಂಬ್ ಬೀಳ್ತಿತ್ತು, ಇವನ ಕೆಮ್ಮೂ ಜಾಸ್ತಿಯಾಗಿತ್ತು, ಇವನ ಚಿತ್ರ ಮಾರ್ತಿದ್ದ ಡೀಲರ್ ಜ್ಬೊರೊವ್ಸ್ಕಿ ದಕ್ಷಿಣಕ್ಕೆ, ನೀಸ್ ಕಡೆಗೆ ಕರ್ಕೊಂಡೋದ. ಜೊತೆಗೆ ಸಂಗಾತಿ ಜಾನ್ ಎಬ್ಯುಟೆರ್ನ್, ಅದೇ ನವೆಂಬರಲ್ಲಿ ಅಲ್ಲೇ ಮಗಳು ಹುಟ್ಟಿದ್ಲು. ಸುತ್ತಲೂ ಸಮುದ್ರ, ಬಿಸಿಲು, ಬೆಟ್ಟ ಇದ್ರೂ ಇವನು ಬರೆದ ನಿಸರ್ಗದ ಚಿತ್ರ ನಾಲ್ಕೇ. ಉಳಿದಿದ್ದೆಲ್ಲಾ ಅಕ್ಕಪಕ್ಕದ ಮಕ್ಕಳು, ಮನೆಗೆಲಸದ ಹುಡ್ಗೀರು, ಜಾನ್, ಮತ್ತೆ ಜಾನ್. ಬಣ್ಣ ಮಾತ್ರ ತೆಳುವಾಯ್ತು, ತಿಳಿಯಾಯ್ತು.

1920ರ ಜನವರಿಯಲ್ಲಿ ಟಿಬಿ ಮಿದುಳಿನ ಪೊರೆಗೆ ಹತ್ತಿತ್ತು. ರಕ್ತದಲ್ಲಿ ಸೇರಿ ಬ್ಯಾಕ್ಟೀರಿಯಾ ಅಲ್ಲಿಗೆ ಹೋದ್ರೆ ತಲೆನೋವು, ಕನವರಿಕೆ, ಆಮೇಲೆ ಪ್ರಜ್ಞೆ ಹೋಗುತ್ತೆ. ಪಕ್ಕದ ಪೇಂಟರ್ ಒರ್ತಿಸ್ ದೆ ಸಾರಾತೆ ಬಂದು ನೋಡಿ ಶಾರಿತೆ ಆಸ್ಪತ್ರೆಗೆ ಸೇರಿಸೋ ವ್ಯವಸ್ಥೆ ಮಾಡಿದ, 24ಕ್ಕೆ ಪ್ರಾಣ ಹೋಯ್ತು. ತುಂಬು ಬಸುರಿ ಜಾನ್ ಎರಡು ದಿನದೊಳಗೆ ತವರುಮನೆ ಐದನೇ ಮಹಡಿಯಿಂದ ಹಾರಿ ಸತ್ಲು. 1921ರಲ್ಲಿ ಅದೇ ಪ್ಯಾರಿಸ್ಸಲ್ಲಿ ಒಂದು ಕೂಸಿಗೆ ಟಿಬಿ ತಡೆಯೋ ಬಿಸಿಜಿ ಲಸಿಕೆ ಮೊದಲ ಸಲ ಕೊಟ್ರು, ಟಿಬಿಗೆ ನಿಜವಾದ ಔಷಧಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯೋಕೆ 1943 ಆಗ್ಬೇಕಾಯ್ತು.

ರೋಗಿಗಿಂತ ಕುಡುಕನ ಕಥೆಗೇ ಗಿರಾಕಿ ಜಾಸ್ತಿ, ಗೆಳೆಯರ ನೆನಪಿನ ಬರಹದಲ್ಲಿ ಅದೇ ಬೆಳೀತಾ ಹೋಯ್ತು, ಚಿತ್ರದ ರೇಟೂ ಏರ್ತಾ ಹೋಯ್ತು. 2015ರಲ್ಲಿ ಒಂದು ನಗ್ನ ಚಿತ್ರ 17 ಕೋಟಿ ಡಾಲರ್ ದಾಟಿತು. ಅಪ್ಪ ಸತ್ತಾಗ ಒಂದು ವರ್ಷ ಚಿಲ್ಲರೆ ಆಗಿದ್ದ ಮಗಳು ಇಟಲಿಯಲ್ಲಿ ಅಪ್ಪನ ಮನೆಯವರ ಹತ್ರ ಬೆಳೆದು, 1958ರಲ್ಲಿ ಈ ದಂತಕಥೆಗಳನ್ನೆಲ್ಲಾ ಜರಡಿ ಹಿಡಿದು ತಾನೇ ಒಂದು ಪುಸ್ತಕ ಬರೆದ್ಲು, ಮನೆಯ ಕಾಗದಪತ್ರ, ಅಜ್ಜಿ ಡೈರಿ ಎಲ್ಲಾ ಮುಂದಿಟ್ಕೊಂಡು.