ಮೂರ್ಛೆರೋಗದ ಮಾತ್ರೆಯಿಂದ ಕೊಕೇನ್ ಚಟ ಬಿಟ್ಟೀತೇ?

ಹೆರಾಯಿನ್ ವ್ಯಸನಕ್ಕೆ ಮೆಥಡೋನ್ ಇದೆ, ಮದ್ಯವ್ಯಸನಕ್ಕೆ ನಾಲ್ಟ್ರೆಕ್ಸೋನ್ ಇದೆ. ಕೊಕೇನ್ ವ್ಯಸನಕ್ಕೆಂದು ಮಾತ್ರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದುವರೆಗೆ ಯಾವ ಔಷಧಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಆ ಜಾಗ ತುಂಬಲು ಮತ್ತೆ ಮತ್ತೆ ಪರೀಕ್ಷೆಗೆ ಬಂದವುಗಳಲ್ಲಿ ಮೂರ್ಛೆರೋಗದ ಮಾತ್ರೆಗಳೂ ಸೇರಿವೆ.

ಇದರ ಬೇರು 1960ರ ದಶಕದ ಕೊನೆಯ ಒಂದು ಪ್ರಯೋಗದಲ್ಲಿದೆ. ಇಲಿಗಳ ಮಿದುಳಿಗೆ ದಿನವೂ ಅತ್ಯಲ್ಪ ವಿದ್ಯುತ್ ಹಾಯಿಸಿದರೆ, ಮೊದಮೊದಲು ಏನೂ ಆಗದಿದ್ದರೂ, ಕ್ರಮೇಣ ಅಷ್ಟೇ ವಿದ್ಯುತ್ತಿಗೆ ಸೆಳವು (ಫಿಟ್ಸ್) ಬರತೊಡಗುತ್ತದೆ ಎಂಬುದನ್ನು ಗ್ರಹಾಂ ಗೊಡ್ಡಾರ್ಡ್ ಕಂಡರು. ಪುರಳೆಯಿಂದ ಕಿಚ್ಚು ಹೊತ್ತಿಕೊಳ್ಳುವಂತಿದ್ದ ಈ ವಿದ್ಯಮಾನಕ್ಕೆ ‘ಕಿಂಡ್ಲಿಂಗ್’ ಎಂಬ ಹೆಸರು ಬಂತು. ಪದೇಪದೇ ಸೇವಿಸಿದ ಕೊಕೇನ್ ಕೂಡ ಮಿದುಳನ್ನು ಹೀಗೆಯೇ ಕೆರಳಿಸುತ್ತದೆ ಎಂದು 1970ರ ದಶಕದಲ್ಲಿ ರಾಬರ್ಟ್ ಪೋಸ್ಟ್ ವಾದಿಸಿದರು. ಹಾಗಿದ್ದರೆ ಸೆಳವನ್ನು ತಡೆಯುವ ಕಾರ್ಬಮಜೆಪೀನ್ ಕೊಕೇನಿನ ತೀವ್ರ ಬಯಕೆಯನ್ನೂ ತಗ್ಗಿಸಬೇಕಲ್ಲವೇ? ಮಿನೆಸೋಟ ವಿಶ್ವವಿದ್ಯಾಲಯದ ಜೇಮ್ಸ್ ಹಲಿಕಾಸ್ 1989ರಲ್ಲಿ ಆಶಾದಾಯಕ ವರದಿಯನ್ನೇ ಕೊಟ್ಟರು. ಆದರೆ ಅದರಲ್ಲಿ ಹುಸಿಮಾತ್ರೆ ಪಡೆದ ಹೋಲಿಕೆಯ ಗುಂಪಿರಲಿಲ್ಲ. ಅಂಥ ಗುಂಪಿಟ್ಟು ನಡೆಸಿ 1995ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಔಷಧದ ಮೇಲುಗೈ ಕಾಣಲಿಲ್ಲ.

ಅಲ್ಲಿಗೆ ಈ ಮಾತ್ರೆಗಳನ್ನು ಯಾರೂ ಕೈಬಿಡಲಿಲ್ಲ. ಅವುಗಳನ್ನು ಪ್ರಯತ್ನಿಸಲು ಕೊಡುವ ಕಾರಣವಷ್ಟೇ ಬದಲಾಯಿತು. ಮಿದುಳಿನ ಚಟುವಟಿಕೆಗೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕ ಹೆಚ್ಚಿದರೆ, ಕೊಕೇನ್ ಎಬ್ಬಿಸುವ, ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕದ ಉಬ್ಬರ ತಗ್ಗುತ್ತದೆ ಎಂಬುದು ಹೊಸ ತರ್ಕ. ಗಾಬಾವನ್ನು ಒಡೆಯುವ ಕಿಣ್ವವನ್ನು ನಿಷ್ಕ್ರಿಯಗೊಳಿಸುವ ವಿಗಾಬಟ್ರಿನ್ ಇದಕ್ಕೆ ಹೇಳಿಮಾಡಿಸಿದಂತಿತ್ತು. ಬ್ರೂಕ್‌ಹೇವನ್ ಪ್ರಯೋಗಾಲಯದ ಸ್ಟೀಫನ್ ಡ್ಯೂಯಿ ಮತ್ತು ಸಂಗಡಿಗರು ಪ್ರಾಣಿಗಳಲ್ಲಿ ಅದರ ಪರಿಣಾಮ ತೋರಿಸಿದ ಬಳಿಕ ಮೆಕ್ಸಿಕೋದಲ್ಲಿ ಪೆರೋಲ್ ಮೇಲಿದ್ದ 103 ಜನರ ಮೇಲೆ ಪರೀಕ್ಷೆ ನಡೆಯಿತು. ಕೊನೆಯ ಮೂರು ವಾರ ಕೊಕೇನಿನಿಂದ ಪೂರ್ತಿ ದೂರವಿದ್ದವರು ಔಷಧ ಪಡೆದವರಲ್ಲಿ ಶೇ 28, ಹುಸಿಮಾತ್ರೆ ಪಡೆದವರಲ್ಲಿ ಶೇ 7.5 ಎಂದು 2009ರಲ್ಲಿ ವರದಿಯಾಯಿತು. ಇದೇ ಔಷಧ ದೃಷ್ಟಿಯ ಅಂಚನ್ನು ಶಾಶ್ವತವಾಗಿ ಕುಗ್ಗಿಸಬಲ್ಲದು ಎಂಬುದನ್ನೂ ನೆನಪಿಡಬೇಕು. ಸೆಳವಿನಿಂದ ನರಳುವವರು ಒಪ್ಪಬಹುದಾದ ಈ ಅಪಾಯವನ್ನು ವ್ಯಸನಿಗಳ ಮೇಲೆ ಹೊರಿಸುವುದು ಸಣ್ಣ ನಿರ್ಧಾರವಲ್ಲ.

ಮೂರ್ಛೆರೋಗದ ಇನ್ನೊಂದು ಮಾತ್ರೆಯಾದ ಟೊಪಿರಮೇಟ್‌ಗೆ 142 ಜನರ ಒಂದು ಪರೀಕ್ಷೆಯಲ್ಲಿ ತಕ್ಕಮಟ್ಟಿನ ಫಲ ಸಿಕ್ಕಿತು. 20 ಅಧ್ಯಯನಗಳ 2,068 ಜನರ ವಿವರಗಳನ್ನು ಒಟ್ಟುಗೂಡಿಸಿದ 2015ರ ಕಾಕ್ರೇನ್ ವಿಮರ್ಶೆ ಮಾತ್ರ ಈ ಔಷಧವರ್ಗದ ಬಳಕೆಗೆ ಆಧಾರವಿಲ್ಲವೆಂದಿತು.

ವಿಗಾಬಟ್ರಿನ್‌ನ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಅಮೆರಿಕದಲ್ಲಿ 186 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬಳಿಕ ಮೂತ್ರದಲ್ಲಿನ ವಿಗಾಬಟ್ರಿನ್ ಪ್ರಮಾಣ ಅಳೆದಾಗ, ಔಷಧ ಪಡೆದವರಲ್ಲಿ ಹಲವರು ಮಾತ್ರೆಯನ್ನು ನುಂಗಿಯೇ ಇರಲಿಕ್ಕಿಲ್ಲ ಎಂಬ ಸಂಶಯ ಮೂಡಿತು.