ಟಾರ್ಗೆಟ್ ರಿಲೀಸ್: ಜಾವಾ ಆವೃತ್ತಿಗಳು ಹೊಂದದಾಗ ಬರುವ ಕಂಪೈಲ್ ದೋಷಗಳು

ಬರೆದ ಪ್ರೋಗ್ರಾಂ ಕೊನೆಗೆ ಯಾವ ಆವೃತ್ತಿಯ ಜಾವಾ ಮೇಲೆ ಓಡಬೇಕು ಎಂದು ಕಂಪೈಲರ್‌ಗೆ (ಬರೆದ ಕೋಡನ್ನು ಜಾವಾ ಓಡಿಸಬಲ್ಲ ರೂಪಕ್ಕೆ ತರುವ ಸಾಧನಕ್ಕೆ) ಹೇಳುವ ಸಂಖ್ಯೆಯೇ ಟಾರ್ಗೆಟ್ ರಿಲೀಸ್. ಕಂಪೈಲ್ ಮಾಡುವ ಜೆಡಿಕೆ (ಕಂಪೈಲರ್, ಲೈಬ್ರರಿ ಎಲ್ಲ ಸೇರಿರುವ ಜಾವಾ ಕಿಟ್) ಯಾವುದು ಎಂಬುದು ಬೇರೆ ಪ್ರಶ್ನೆ. ಜೆಡಿಕೆ 21 ಇಟ್ಟುಕೊಂಡು ಜಾವಾ 11ರಲ್ಲಿ ಓಡುವ ಫೈಲ್ ತಯಾರಿಸಬಹುದು. ಜೆಡಿಕೆ 11 ಇಟ್ಟುಕೊಂಡು ಜಾವಾ 21ಕ್ಕೆ ತಯಾರಿಸಲು ಬರುವುದಿಲ್ಲ. ಈ ಎರಡು ಸಂಖ್ಯೆಗಳನ್ನು ಒಂದೇ ಎಂದು ತಿಳಿದು ಕೋಡ್ ತಿದ್ದಲು ಕೂತರೆ ಇಡೀ ದಿನ ಹಾಳಾಗುತ್ತದೆ. ಹೆಚ್ಚಿನ ಸಲ ಕೋಡ್‌ನಲ್ಲಿ ತಪ್ಪೇ ಇರುವುದಿಲ್ಲ.

ಆವೃತ್ತಿ ಬದಲಾದಾಗ ಮೂರು ಸಂಗತಿಗಳು ಬದಲಾಗುತ್ತವೆ. ಮೊದಲನೆಯದು ಭಾಷೆಯ ವ್ಯಾಕರಣ: ‘ವಾರ್’ ಬಂದದ್ದು 2018ರ ಜಾವಾ 10ರಲ್ಲಿ, ಟೆಕ್ಸ್ಟ್ ಬ್ಲಾಕ್ (ಮೂರು ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ಹಲವು ಸಾಲಿನ ಪಠ್ಯ) 15ರಲ್ಲಿ, ರೆಕಾರ್ಡ್ 16ರಲ್ಲಿ. ಇನ್ನೊಂದು, ಕಂಪೈಲರ್ ತಯಾರಿಸುವ ಕ್ಲಾಸ್ ಫೈಲ್‌ನ ಒಳಗೆ ಬರೆದಿರುವ ಸಂಖ್ಯೆ. ಜಾವಾ ಆವೃತ್ತಿಗೆ 44 ಕೂಡಿಸಿದರೆ ಅದು ಸಿಗುತ್ತದೆ: ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ಈ ಲೆಕ್ಕ ನೆನಪಿದ್ದರೆ ಅರ್ಧ ದೋಷಗಳನ್ನು ಓದಿದ ಕೂಡಲೇ ಬಿಡಿಸಬಹುದು. ಮೂರನೆಯದು ಜಾವಾ ಜೊತೆಗೇ ಬರುವ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಸಂಗ್ರಹ: ಸ್ಟ್ರಿಂಗ್‌ನ ‘ಈಸ್‌ಬ್ಲಾಂಕ್’ 11ರಲ್ಲಿ ಸೇರಿತು, ಸ್ಟ್ರೀಮ್‌ನ ‘ಟು‌ಲಿಸ್ಟ್’ 16ರಲ್ಲಿ, ಲಿಸ್ಟ್‌ನ ‘ಗೆಟ್‌ಫಸ್ಟ್’ 21ರಲ್ಲಿ. ಹಳೆಯ ಜೆಡಿಕೆಯಲ್ಲಿ ಇವನ್ನು ಕರೆದರೆ ‘ಕೆನಾಟ್ ಫೈಂಡ್ ಸಿಂಬಲ್’ ಎನ್ನುತ್ತದೆ, ಆವೃತ್ತಿಯ ಮಾತನ್ನೇ ಎತ್ತುವುದಿಲ್ಲ.

ವ್ಯಾಕರಣದ ದೋಷಗಳಲ್ಲಿ ಒಂದು ಸೂಕ್ಷ್ಮವಿದೆ. ಜೆಡಿಕೆ 17ರಲ್ಲಿ ಟಾರ್ಗೆಟ್ ರಿಲೀಸ್ ಮಾತ್ರ 11 ಎಂದಿದ್ದರೆ, ಕಂಪೈಲರ್‌ಗೆ ಟೆಕ್ಸ್ಟ್ ಬ್ಲಾಕ್ ಗೊತ್ತು. ‘ಸೋರ್ಸ್ 11ರಲ್ಲಿ ಇದಕ್ಕೆ ಬೆಂಬಲವಿಲ್ಲ, 15 ಅಥವಾ ಅದಕ್ಕಿಂತ ಮೇಲಿನದನ್ನು ಬಳಸಿ’ ಎಂದು ಸ್ಪಷ್ಟವಾಗಿ ಹೇಳುತ್ತದೆ. ಜೆಡಿಕೆಯೇ 11 ಆಗಿದ್ದರೆ ಅದಕ್ಕೆ ಅಂಥದ್ದೊಂದು ಇದೆ ಎಂಬುದೇ ತಿಳಿಯದು. ಮೂರು ಉದ್ಧರಣ ಚಿಹ್ನೆಗಳಲ್ಲಿ ಮೊದಲ ಎರಡನ್ನು ಖಾಲಿ ಸ್ಟ್ರಿಂಗ್ ಎಂದು ಓದಿ, ಮೂರನೆಯದು ಮುಚ್ಚಿಲ್ಲವೆಂದು ‘ಅನ್‌ಕ್ಲೋಸ್ಡ್ ಸ್ಟ್ರಿಂಗ್ ಲಿಟರಲ್’ ಎನ್ನುತ್ತದೆ. ಹಾಗಾಗಿ ಸರಿಯಾಗಿ ಕಾಣುವ ಸಾಲಿನಲ್ಲಿ ವಿಚಿತ್ರ ವ್ಯಾಕರಣ ದೋಷ ಬಂದರೆ, ಸೆಮಿಕೋಲನ್ ಹುಡುಕುವ ಮೊದಲು ಜೆಡಿಕೆ ಯಾವುದೆಂದು ನೋಡಿ.

‘ಇನ್‌ವ್ಯಾಲಿಡ್ ಟಾರ್ಗೆಟ್ ರಿಲೀಸ್: 17’ ಅಥವಾ ‘ರಿಲೀಸ್ ವರ್ಷನ್ 17 ನಾಟ್ ಸಪೋರ್ಟೆಡ್’ ಎಂದು ಬಂದರೆ ಅರ್ಥ ಒಂದೇ: ಈಗ ಓಡುತ್ತಿರುವ ಕಂಪೈಲರ್ 17ಕ್ಕಿಂತ ಹಳೆಯದು. ‘ಜಾವಾ -ವರ್ಷನ್’ ಕೊಟ್ಟಾಗ 17 ಎಂದೇ ತೋರಿಸುತ್ತಿದೆಯಲ್ಲ ಎಂದು ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಟರ್ಮಿನಲ್ ನೋಡುವುದು ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಾದ ‘ಪಾತ್’ ಅನ್ನು. ಬಿಲ್ಡ್ ಮಾಡುವ ಉಪಕರಣವಾದ ಮೇವೆನ್ ನೋಡುವುದು ಜೆಡಿಕೆ ಇರುವ ಫೋಲ್ಡರ್ ಯಾವುದೆಂದು ಹೇಳುವ ‘ಜಾವಾ ಹೋಮ್’ ಅನ್ನು. ಹೊಸ ಜೆಡಿಕೆ ಹಾಕಿದಾಗ ಒಂದು ಬದಲಾಗಿ ಇನ್ನೊಂದು ಹಳೆಯದೇ ಉಳಿದಿರುತ್ತದೆ. ‘ಎಂವಿಎನ್ -ವರ್ಷನ್’ ಕೊಟ್ಟರೆ ಮೇವೆನ್ ನಿಜವಾಗಿ ಬಳಸುತ್ತಿರುವ ಜಾವಾ ಯಾವುದು, ಯಾವ ಫೋಲ್ಡರ್‌ನದ್ದು ಎಂಬುದು ಕಾಣುತ್ತದೆ, ಅಂಥದ್ದೇ ಇನ್ನೊಂದು ಉಪಕರಣವಾದ ಗ್ರೇಡಲ್‌ಗೂ ಹೀಗೆಯೇ. ಕೋಡ್ ಬರೆಯುವ ತಂತ್ರಾಂಶವಾದ ಇಂಟೆಲಿಜೆ ಬಳಸುವವರು ಪ್ರಾಜೆಕ್ಟ್ ಎಸ್‌ಡಿಕೆ, ಲ್ಯಾಂಗ್ವೇಜ್ ಲೆವೆಲ್, ಮೇವೆನ್ ಅಥವಾ ಗ್ರೇಡಲ್ ಓಡಿಸುವ ಜೆಡಿಕೆ, ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

‘ಕ್ಲಾಸ್ ಫೈಲ್ ಹ್ಯಾಸ್ ರಾಂಗ್ ವರ್ಷನ್ 61.0, ಶುಡ್ ಬಿ 52.0’ ಎಂಬ ದೋಷದಲ್ಲಿ ತಕರಾರು ನಿಮ್ಮ ಕೋಡ್ ಮೇಲಲ್ಲ, ನೀವು ಸೇರಿಸಿದ ಲೈಬ್ರರಿ ಮೇಲೆ. 61 ಎಂದರೆ ಅದನ್ನು ಜಾವಾ 17ಕ್ಕೆ ತಯಾರಿಸಲಾಗಿದೆ. ನಿಮ್ಮ ಕಂಪೈಲರ್ ಜಾವಾ 8. ಜಾವಾದ ಸಿದ್ಧ ಚೌಕಟ್ಟಾದ ಸ್ಪ್ರಿಂಗ್ ಬೂಟ್ 3ಕ್ಕೆ ಏರಿದವರಿಗೆ ಇದು ಚಿರಪರಿಚಿತ, ಏಕೆಂದರೆ ಅದಕ್ಕೆ ಕನಿಷ್ಠ ಜಾವಾ 17 ಬೇಕು. ಜೆಡಿಕೆಯನ್ನು 17ಕ್ಕೆ ಏರಿಸಬೇಕು, ಇಲ್ಲವೇ ಜಾವಾ 8ರಲ್ಲಿ ನಡೆಯುವ ಸ್ಪ್ರಿಂಗ್ ಬೂಟ್ 2.7ಕ್ಕೆ ಮರಳಬೇಕು.

ಇನ್ನು ಟಾರ್ಗೆಟ್ ಹೇಳುವ ವಿಧಾನ. ಹಳೆಯ ಕ್ರಮದಲ್ಲಿ ‘-ಸೋರ್ಸ್ 8 -ಟಾರ್ಗೆಟ್ 8’ ಎಂದು ಕೊಡುತ್ತಿದ್ದರು. ಮೊದಲನೆಯದು ವ್ಯಾಕರಣವನ್ನು, ಎರಡನೆಯದು ಕ್ಲಾಸ್ ಫೈಲ್ ಸಂಖ್ಯೆಯನ್ನು ಹಿಡಿದಿಡುತ್ತದೆ. ಲೈಬ್ರರಿಯನ್ನು ಎರಡೂ ಮುಟ್ಟುವುದಿಲ್ಲ. ಕಂಪೈಲರ್ ತನ್ನದೇ ಹೊಸ ಲೈಬ್ರರಿಯನ್ನು ನೋಡಿ ಕೆಲಸ ಮುಗಿಸುತ್ತದೆ. ಇದರ ಫಲ ಎಷ್ಟು ಕಿರಿಕಿರಿಯದು ಎಂಬುದಕ್ಕೆ ‘ಬೈಟ್‌ಬಫರ್’ ಕ್ಲಾಸ್‌ನ ‘ಫ್ಲಿಪ್’ ಒಳ್ಳೆಯ ಉದಾಹರಣೆ. ಜಾವಾ 8ರಲ್ಲಿ ಈ ಮೆಥಡ್ ತಾಯಿ ಕ್ಲಾಸ್ ಆದ ‘ಬಫರ್’ನಲ್ಲಿತ್ತು, ಹಿಂದಿರುಗಿಸುತ್ತಿದ್ದುದೂ ‘ಬಫರ್’ ಅನ್ನೇ. ಜಾವಾ 9ರಲ್ಲಿ ‘ಬೈಟ್‌ಬಫರ್’ ಅದನ್ನು ತನ್ನಲ್ಲೇ ಮರುಬರೆದು ‘ಬೈಟ್‌ಬಫರ್’ ಹಿಂದಿರುಗಿಸತೊಡಗಿತು. ಜೆಡಿಕೆ 9 ಅಥವಾ ಮುಂದಿನದರಲ್ಲಿ ಸೋರ್ಸ್ 8, ಟಾರ್ಗೆಟ್ 8 ಎಂದು ಕಂಪೈಲ್ ಮಾಡಿದರೆ ದೋಷವೇ ಇಲ್ಲದೆ ಮುಗಿಯುತ್ತದೆ. ಫೈಲ್‌ನಲ್ಲಿ ದಾಖಲಾಗುವುದು ಮಾತ್ರ ಹೊಸ ಮೆಥಡ್‌ನ ವಿಳಾಸ. ಅದನ್ನು ಜಾವಾ 8 ಇರುವ ಸರ್ವರ್‌ಗೆ ಹಾಕಿದಾಗ, ಆ ಸಾಲು ಓಡುವ ಹೊತ್ತಿಗೆ ‘ನೋ ಸಚ್ ಮೆಥಡ್ ಎರರ್’. ಕಂಪೈಲ್ ಹಂತದಲ್ಲೇ ಸಿಗಬೇಕಾದ ದೋಷ ಗ್ರಾಹಕರ ಮುಂದೆ ಸಿಗುತ್ತದೆ. ಇಂಥ ಕಂಪೈಲ್ ಸಮಯದಲ್ಲಿ ‘ಬೂಟ್‌ಸ್ಟ್ರಾಪ್ ಕ್ಲಾಸ್ ಪಾತ್ ನಾಟ್ ಸೆಟ್’ ಎಂಬ ಎಚ್ಚರಿಕೆ ಬರುತ್ತದೆ. ದಯವಿಟ್ಟು ಅದನ್ನು ಕಡೆಗಣಿಸಬೇಡಿ.

ಈ ಕಂದಕ ಮುಚ್ಚಲೆಂದೇ ಜೆಡಿಕೆ 9ರಲ್ಲಿ ‘--ರಿಲೀಸ್’ ಆಯ್ಕೆ ಬಂತು. ‘--ರಿಲೀಸ್ 8’ ಎಂದರೆ ವ್ಯಾಕರಣ, ಕ್ಲಾಸ್ ಫೈಲ್ ಸಂಖ್ಯೆ, ಲೈಬ್ರರಿ ಮೂರೂ 8ರದ್ದೇ. ಹಳೆಯ ಆವೃತ್ತಿಗಳ ಎಪಿಐ (ಲೈಬ್ರರಿಯಲ್ಲಿ ಕರೆಯಬಹುದಾದ ಕ್ಲಾಸ್, ಮೆಥಡ್‌ಗಳ) ವಿವರವನ್ನು ಜೆಡಿಕೆ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮೇವೆನ್‌ನಲ್ಲಿ ‘ಮೇವೆನ್.ಕಂಪೈಲರ್.ರಿಲೀಸ್’ ಎಂಬ ಪ್ರಾಪರ್ಟಿ ಸಾಕು, ಕಂಪೈಲರ್ ಪ್ಲಗಿನ್ 3.6 ಅಥವಾ ಮೇಲಿನದಿರಬೇಕು. ನೇರವಾಗಿ ಕಂಪೈಲರ್‌ಗೆ ಕೊಡುವಾಗ ಸೋರ್ಸ್, ಟಾರ್ಗೆಟ್‌ಗಳ ಜೊತೆ ಇದನ್ನು ಸೇರಿಸಬಾರದು, ಒಪ್ಪುವುದಿಲ್ಲ. ಜೆಡಿಕೆ 8ಕ್ಕೆ ಈ ಆಯ್ಕೆಯೇ ತಿಳಿಯದು. ಜೆಡಿಕೆಯ ಒಳಗಿನ ಪ್ಯಾಕೇಜ್‌ಗಳನ್ನು ‘--ಆಡ್-ಎಕ್ಸ್‌ಪೋರ್ಟ್ಸ್’ ಮೂಲಕ ತೆರೆದುಕೊಳ್ಳುವ ಪ್ರಾಜೆಕ್ಟ್‌ಗಳಿಗೂ ಇದು ಒಗ್ಗದು. ಅಂಥವರು ಸೋರ್ಸ್, ಟಾರ್ಗೆಟ್ ಉಳಿಸಿಕೊಂಡು, ನಿಜವಾದ ಹಳೆಯ ಜಾವಾ ಮೇಲೆ ಟೆಸ್ಟ್ ಓಡಿಸಲೇಬೇಕು.

ಹಳೆಯ ಕೋಡ್ ಹೊಸ ಕಂಪೈಲರ್‌ಗೆ ಸಿಕ್ಕಾಗ ಕಥೆ ಬೇರೆ. ‘ಸೋರ್ಸ್ ಆಪ್ಷನ್ 5 ಈಸ್ ನೋ ಲಾಂಗರ್ ಸಪೋರ್ಟೆಡ್’ ಎಂದರೆ, ಯಾರೂ 5 ಎಂದು ಬರೆದಿರುವುದಿಲ್ಲ. ಮೇವೆನ್ ಕಂಪೈಲರ್ ಪ್ಲಗಿನ್‌ನ ಹಳೆಯ ಆವೃತ್ತಿಗಳು ಏನೂ ಹೇಳದಿದ್ದರೆ 1.5 ಎಂದು ತಾವೇ ಹಿಡಿಯುತ್ತಿದ್ದವು. ಪ್ಲಗಿನ್ ಅನ್ನು 3.6 ಅಥವಾ ಮೇಲಕ್ಕೆ ಏರಿಸಿ ಮೇಲಿನ ಪ್ರಾಪರ್ಟಿ ಬರೆದರೆ ಮುಗಿಯಿತು. ‘ಜಾವಾಎಕ್ಸ್.ಎಕ್ಸ್‌ಎಂಎಲ್.ಬೈಂಡ್’ ಪ್ಯಾಕೇಜ್ ಇಲ್ಲ ಎಂದರೆ, ಜಾವಾ 11 ಅದನ್ನು ಜೆಡಿಕೆಯಿಂದ ತೆಗೆದುಹಾಕಿದೆ, ಡಿಪೆಂಡೆನ್ಸಿಯಾಗಿ, ಅಂದರೆ ಹೊರಗಿನ ಲೈಬ್ರರಿಯಾಗಿ ಸೇರಿಸಬೇಕು. ಸೇರಿಸುವಾಗ ಜಕಾರ್ತಾ ಎಕ್ಸ್‌ಎಂಎಲ್ ಬೈಂಡ್ ಎಪಿಐನ 2.3 ಸರಣಿಯನ್ನೇ ಆರಿಸಿ. 3.0ರಿಂದ ಪ್ಯಾಕೇಜ್ ಹೆಸರೇ ‘ಜಕಾರ್ತಾ’ ಎಂದು ಬದಲಾಗಿರುವುದರಿಂದ ಹಳೆಯ ಇಂಪೋರ್ಟ್ ಸಾಲುಗಳು ಮತ್ತೆ ಮುರಿಯುತ್ತವೆ. ‘ಈನಮ್’ ಎಂಬ ವೇರಿಯಬಲ್ ಹೆಸರು ಜಾವಾ 5ರಿಂದ, ಒಂಟಿ ಅಂಡರ್‌ಸ್ಕೋರ್ ಜಾವಾ 9ರಿಂದ ನಡೆಯುವುದಿಲ್ಲ. ಹೆಸರು ಬದಲಿಸುವುದೊಂದೇ ದಾರಿ.

ಪದೇ ಪದೇ ಬರೆಯಬೇಕಾದ ಕೋಡನ್ನು ತಾನೇ ಸೇರಿಸುವ ಲೊಂಬಾಕ್‌ನಂಥ ಉಪಕರಣಗಳು ಕಂಪೈಲರ್‌ನ ಒಳಭಾಗಕ್ಕೇ ಕೈ ಹಾಕುವುದರಿಂದ ಜೆಡಿಕೆ ಏರಿಸಿದಾಗ ಮೊದಲು ಮುರಿಯುವುದು ಅವೇ. ಜೆಡಿಕೆ 21ರಲ್ಲಿ ‘ಜೆಸಿಇಂಪೋರ್ಟ್’, ‘ಕ್ವಾಲಿಡ್’ ಎಂಬ ಹೆಸರುಗಳಿರುವ ದೋಷ ಕಂಡರೆ ಲೊಂಬಾಕ್ ಅನ್ನು 1.18.30 ಅಥವಾ ಮೇಲಕ್ಕೆ ಒಯ್ಯಿರಿ. ಗ್ರೇಡಲ್ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’ ಎಂದರೆ ಗ್ರೇಡಲ್ ಹಳೆಯದಾಯಿತು; ಜಾವಾ 21ರ ಮೇಲೆ ಓಡಲು ಅದು 8.5 ಆದರೂ ಇರಬೇಕು.

ಯಾವ ಬದಲಾವಣೆ ಮಾಡಿದರೂ ‘ಕ್ಲೀನ್’ ಕೊಟ್ಟು ಮೊದಲಿನಿಂದ ಬಿಲ್ಡ್ ಮಾಡಿ. ಹಿಂದಿನ ಜೆಡಿಕೆ ತಯಾರಿಸಿದ ಕ್ಲಾಸ್ ಫೈಲ್‌ಗಳು ಮೇವೆನ್‌ನ ‘ಟಾರ್ಗೆಟ್’ ಎಂಬ ಫೋಲ್ಡರ್‌ನಲ್ಲಿ ಉಳಿದಿದ್ದರೆ, ಸರಿಪಡಿಸಿದ ಮೇಲೂ ಹಳೆಯ ದೋಷವೇ ಬರುತ್ತಿರುತ್ತದೆ.